ಜಪಾನಿನಲ್ಲಿ ಬೈಕು ಬೀಳಿಸಿದ್ದು

ಹೊರಡುವ ಮುಂಚೆ: ಟೇಕಲ್

ಜಪಾನಿನಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಬುಲೆಟ್ ರೈಲಿನ ವಿಷಯ. ನಾನು ಅದನ್ನು ಹತ್ತಿದ್ದು ಒಂದೇ ಸಲ, ಹತ್ತಿದ ಹತ್ತು ನಿಮಿಷಕ್ಕೆ ನಿದ್ದೆ ಮಾಡಿಬಿಟ್ಟೆ. ಒಂದು ತಿಂಗಳು ಆ ದೇಶದಲ್ಲಿದ್ದು ನಾನು ಚೆನ್ನಾಗಿ ನೋಡಿದ ಜಾಗವೆಂದರೆ ಒಂದು ಡ್ರೈವಿಂಗ್ ಸ್ಕೂಲಿನ ಡಾಂಬರು ಅಂಗಳ. ನಾಲ್ಕು ಭಾನುವಾರ ಅಲ್ಲಿ ದೊಡ್ಡ ಬೈಕನ್ನು ಮನುಷ್ಯ ನಡೆಯುವಷ್ಟು ನಿಧಾನವಾಗಿ ಓಡಿಸಲು ಹೋಗಿ ಮತ್ತೆ ಮತ್ತೆ ಬಿದ್ದೆ. ಬಿದ್ದದ್ದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅದಕ್ಕೂ ಮುಂಚೆ ಬೈರಕೂರಿನಲ್ಲಿ ನಾನು ಮಾಡಿದ ಕೆಲಸಕ್ಕೆ ನಾಚಿಕೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನ್ನೂರು ಟೇಕಲ್. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೆಸರು ನಾರಾಯಣಸ್ವಾಮಿ, ಮನೆಯವರಿಗೆ ನಾಣಿ. ನಲವತ್ತು ದಾಟಿದ ಮೇಲೆ ಒಂದು ದೊಡ್ಡ ಬೈಕು ತಗೊಂಡೆ, ಇನ್ನೂರು ಕೇಜಿಗೂ ಮೇಲಿನದು. ಭಾನುವಾರ ಬಂದರೆ ಕಾರ್ಖಾನೆಯ ಏಳು ಜನ ಗೆಳೆಯರು ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೈವೇಯಲ್ಲಿ ಹೋಗುತ್ತಿದ್ದೆವು. ಮುಂದೆ ಹೋಗುವವನು ನಾನು. ಅವರು ನನ್ನನ್ನು ಲೀಡರ್ ಎನ್ನುತ್ತಿದ್ದರು.

ಲೀಡರಿಗೆ ಬೈಕು ತಿರುಗಿಸಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ದೊಡ್ಡ ಬೈಕು ಓಡುವಾಗ ಭಾರವೇ ಅಲ್ಲ. ನಿಲ್ಲುವ ಮುಂಚೆ, ಸಣ್ಣ ಜಾಗದಲ್ಲಿ ತಿರುಗುವ ಆ ನಾಲ್ಕು ಮಾರಿನಲ್ಲಿ ಅದರ ಅಷ್ಟೂ ಭಾರ ಕಾಲಿಗೆ ಬರುತ್ತದೆ. ಟೀ ಅಂಗಡಿ ರಸ್ತೆಯ ಬಲಕ್ಕಿದ್ದರೆ, ‘ಮುಂದೆ ಇನ್ನೂ ಚೆನ್ನಾಗಿರೋದಿದೆ’ ಎಂದು ಹೇಳಿ ಎಡಗಡೆಯ ಅಂಗಡಿ ಸಿಗುವವರೆಗೆ ಹೋಗುತ್ತಿದ್ದೆ. ಇಕ್ಕಟ್ಟಿನಲ್ಲಿ ನಿಲ್ಲಿಸಿದರೆ ಫೋನು ಬಂದವನಂತೆ ನಟಿಸಿ, ಬೇರೆಯವರಿಂದ ಗಾಡಿ ತಿರುಗಿಸಿಕೊಳ್ಳುತ್ತಿದ್ದೆ.

ನನ್ನ ಅಕ್ಕ ಮುನಿರತ್ನಮ್ಮ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಬೈರಕೂರಿಗೆ ಕೊಟ್ಟಿದೆ. ಹಿಪ್ಪುನೇರಳೆ ತೋಟ, ಎರಡು ಹಸು, ಜೊತೆಗೆ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಸಂಘದ ಕೆಲಸಕ್ಕೆ ಮುಳಬಾಗಿಲಿಗೆ ಯಾರ ಗಾಡಿ ಸಿಕ್ಕರೆ ಅದರ ಹಿಂದೆ ಕೂತು ಹೋಗಿಬರುತ್ತಿದ್ದಳು. ಎರಡು ವರ್ಷದ ಹಿಂದೆ ಶ್ರೀನಿವಾಸಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಅವಳನ್ನು ನನ್ನ ಬೈಕಿನಲ್ಲಿ ಬೈರಕೂರಿಗೆ ಕರೆದುಕೊಂಡು ಹೋದೆ. ಊರಿನ ಹಾಲಿನ ಡೈರಿ ದಾಟಿದ ಮೇಲೆ ಅವಳು, “ಲೇ ನಾಣಿ, ಡೈರಿಯವ್ರಿಗೆ ಒಂದು ಮಾತು ಹೇಳ್ಬೇಕಿತ್ತು, ನಿಲ್ಸೋ. ನಾನು ಇಳಿದು ನಡ್ಕೊಂಡು ಹೋಗ್ತೀನಿ” ಎಂದಳು.

ಇಳಿಸಬಹುದಿತ್ತು. ಆದರೆ ಸಂಜೆ ಹಾಲು ಹಾಕುವ ಹೊತ್ತು, ಡೈರಿಯ ಮುಂದೆ ಇಪ್ಪತ್ತು ಜನ ನಿಂತು ನನ್ನ ಬೈಕನ್ನೇ ನೋಡುತ್ತಿದ್ದರು. ನಾನು ಅವಳನ್ನು ಕೂರಿಸಿಕೊಂಡೇ ಆ ಸಣ್ಣ ರಸ್ತೆಯಲ್ಲಿ ಬೈಕು ತಿರುಗಿಸಿದೆ. ಅರ್ಧ ತಿರುಗುವಷ್ಟರಲ್ಲಿ ಚರಂಡಿ ಕಾಣಿಸಿತು. ಬೈಕು ಎಡಕ್ಕೆ ಒರಗಿತು. ಎರಡೂ ಕಾಲು ಎಡಕ್ಕೆ ಹಾಕಿ ಕೂತಿದ್ದ ಅಕ್ಕನ ಪಾದ ಅದರ ಕೆಳಗೆ ಸಿಕ್ಕಿತು.

ಜನ ಓಡಿಬಂದು ಬೈಕು ಎತ್ತಿದರು. ನನ್ನ ಬಾಯಿಂದ ಮೊದಲು ಬಂದ ಮಾತು: “ಯಾಕಕ್ಕಾ ಅಲ್ಲಾಡ್ದೆ ಹಿಂದೆ?”

ಅಕ್ಕ ನೆಲದಲ್ಲೇ ಕೂತು, ಹಲ್ಲು ಕಚ್ಚಿಕೊಂಡು ಹೇಳಿದಳು: “ತಪ್ಪಾಯ್ತು ಕಣೋ. ನಿನ್ ಗಾಡಿಗೆ ಏನಾದ್ರೂ ಆಯ್ತೇನೋ ನೋಡು.”

ಪಾದದ ಗಂಟು ಮುರಿದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಭಾವ ಅವಳ ಮಂಚದ ಪಕ್ಕದಲ್ಲೇ ನಿಂತು, “ನೆಟ್ಟಗೆ ಕೂರೋಕೂ ಬರಲ್ವಾ ನಿಂಗೆ?” ಎಂದು ಬೈದರು. ನಾನು ಕಿಟಕಿಯ ಆಚೆ ನೋಡುತ್ತಾ ಸುಮ್ಮನಿದ್ದೆ. ಡೈರಿಯ ಹತ್ತಿರ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ: ಅಕ್ಕ ಅಲ್ಲಾಡಿದಳು. ಆಮೇಲೆ ಅಕ್ಕ ಯಾವ ಗಾಡಿಯ ಹಿಂದೆಯೂ ಕೂರಲಿಲ್ಲ. “ನಾನು ಕೂತ್ರೆ ಗಾಡಿ ಬೀಳ್ತದೆ” ಎನ್ನುತ್ತಿದ್ದಳು. ಬಸ್ಸಿನ ಹೊತ್ತು ಮೀಟಿಂಗಿಗೆ ಹೊಂದಲಿಲ್ಲ. ಆರು ತಿಂಗಳು ಒದ್ದಾಡಿ ಅಧ್ಯಕ್ಷಗಿರಿ ಬಿಟ್ಟುಕೊಟ್ಟಳು.

ಮೊದಲ ವಾರ: ಚಪ್ಪಲಿ

ಕಾರ್ಖಾನೆಯವರು ಒಂದು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿದಾಗ ಪೆಟ್ಟಿಗೆಯಲ್ಲಿ ಎರಡು ಕೇಜಿ ರಾಗಿಹಿಟ್ಟು ಇತ್ತು, ಫೋನಿನಲ್ಲಿ ಬೈಕಿನ ಮೇಲೆ ಕೂತ ನನ್ನ ಫೋಟೋಗಳಿದ್ದವು. ನಾನಿದ್ದದ್ದು ಸಮುದ್ರದ ಹತ್ತಿರದ ಒಂದು ಸಣ್ಣ ಕೈಗಾರಿಕಾ ಪಟ್ಟಣ. ರಸ್ತೆ ನಮ್ಮ ಹಾಗೆಯೇ ಎಡಗಡೆಯದು. ಆದರೆ ಹಾರನ್ ಇಲ್ಲ. ಮೊದಲ ವಾರದಲ್ಲಿ ಒಂದೇ ಒಂದು ಹಾರನ್ ಕೇಳಿದೆ, ಅದೂ ದಾರಿ ಬಿಟ್ಟುಕೊಟ್ಟವನಿಗೆ ಥ್ಯಾಂಕ್ಸ್ ಹೇಳಲು ಒತ್ತಿದ್ದು. ಮಾಲೂರು ಬಸ್ ಸ್ಟ್ಯಾಂಡಿನ ಮುಂದೆ ಥ್ಯಾಂಕ್ಸಿಗೆ ಹಾರನ್ ಒತ್ತಿದರೆ ಜಗಳಕ್ಕೆ ಬರುತ್ತಾರೆ.

ಅಲ್ಲಿ ಶೌಚಾಲಯಕ್ಕೆಂದೇ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಒಳಗೆ ಹೋಗುವಾಗ ಹಾಕಿಕೊಂಡು, ಬರುವಾಗ ಅಲ್ಲೇ ಬಿಟ್ಟು ಬರಬೇಕು. ಎರಡನೆಯ ದಿನ ನಾನು ಅದರಲ್ಲೇ ಊಟದ ಕೋಣೆಗೆ ಬಂದುಬಿಟ್ಟೆ. ಮೂವತ್ತು ಜನ ನನ್ನ ಕಾಲು ನೋಡಿ ತಟ್ಟನೆ ತಮ್ಮ ತಟ್ಟೆ ನೋಡಿಕೊಂಡರು. ಒಬ್ಬರೂ ನಗಲಿಲ್ಲ. ನಮ್ಮಲ್ಲಾಗಿದ್ದರೆ ಹತ್ತು ಜನ ನಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ನಗದೇ ಇದ್ದದ್ದಕ್ಕೆ ಅದು ನನ್ನನ್ನು ಮೂರು ದಿನ ಕಾಡಿತು.

ಆಗ ಸದ್ದಿಲ್ಲದೆ ಬೇರೆ ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟವರು ಮೊರಿತಾ-ಸಾನ್. ಐವತ್ತೆಂಟು ವರ್ಷದ ಹಿರಿಯರು. ‘ಸಾನ್’ ನಮ್ಮ ‘ಅವರು’ ಇದ್ದಂತೆ. ಹಿಂದೆ ಎರಡು ವರ್ಷ ನಮ್ಮ ಮಾಲೂರಿನ ಕಾರ್ಖಾನೆಯಲ್ಲಿದ್ದವರು. ಅವರ ಇಂಗ್ಲಿಷು ನನ್ನದರಷ್ಟೇ ಮುರುಕು, ಕನ್ನಡದ ಒಂದೇ ಮಾತು ಚೆನ್ನಾಗಿ ಬರುತ್ತಿತ್ತು: “ನಿಧಾನ, ನಿಧಾನ.” ಕಾರಿನ ಡ್ರೈವರಿಗೆ ಹೇಳಿ ಹೇಳಿ ಕಲಿತದ್ದಂತೆ.

ಚಪ್ಪಲಿಯ ಅವಮಾನ ಮರೆಸಬೇಕೆಂದು ಅವರಿಗೆ ನನ್ನ ಬೈಕಿನ ಫೋಟೋ ತೋರಿಸಿದೆ. ಏಳು ಜನಕ್ಕೆ ಲೀಡರ್ ಎಂದೆ, ಇಪ್ಪತ್ತು ವರ್ಷದ ಅನುಭವ ಎಂದೆ. ಅವರ ಮುಖ ಅರಳಿತು. ತಾವೂ ದೊಡ್ಡ ಬೈಕು ಓಡಿಸುವವರು, ಪ್ರತಿ ಭಾನುವಾರ ಕೆಲವರು ಒಂದು ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಸೇರಿ ಅಭ್ಯಾಸ ಮಾಡುತ್ತೇವೆ ಎಂದರು. “ದಯವಿಟ್ಟು ಬನ್ನಿ. ನಮ್ಮ ತಪ್ಪು ಕಂಡರೆ ಹೇಳಿಕೊಡಿ.”

ಮೊದಲ ಭಾನುವಾರ: ಹಲಗೆ

ಅಂಗಳದಲ್ಲಿ ಹತ್ತು ಜನ ಸಾಲಾಗಿ ನಿಂತು ತಲೆಬಾಗಿ ನಮಸ್ಕರಿಸಿದರು. ಮೊಣಕೈ, ಮೊಣಕಾಲಿಗೆಲ್ಲ ಕವಚ ಕಟ್ಟಿಕೊಂಡಿದ್ದರು. ಮೂವತ್ತು ವರ್ಷ ಓಡಿಸಿದವರೂ ಇದ್ದರು. ಅಷ್ಟು ವರ್ಷವಾದ ಮೇಲೂ ಅಭ್ಯಾಸವೇಕೆಂದು ನನಗೆ ನಗು ಬಂತು. ನಮ್ಮಲ್ಲಿ ಲೈಸೆನ್ಸ್ ಕೈಗೆ ಬಂದ ದಿನವೇ ಕಲಿಕೆ ಮುಗಿಯುತ್ತದೆ.

ಹೇಳಿಕೊಡುವವರು ನಿಶಿದಾ-ಸಾನ್ ಎಂಬ ಹೆಂಗಸು. ಅರವತ್ತು ದಾಟಿದೆ, ನನ್ನ ಭುಜದಷ್ಟು ಎತ್ತರ. ಮೊದಲ ಪಾಠಕ್ಕೆ ಅವರು ಒಂದು ಬೈಕನ್ನು ನೆಲಕ್ಕೆ ಮಲಗಿಸಿದರು. ಬಿದ್ದ ಬೈಕನ್ನು ಎತ್ತಬೇಕು. ಅತಿಥಿ ಮೊದಲು ಎಂದು ನನ್ನನ್ನು ಕರೆದರು. ಹ್ಯಾಂಡಲ್ ಹಿಡಿದು ಎಳೆದೆ. ಅದು ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ, ಸೊಂಟ ಚಳುಕ್ಕೆಂದಿತು. ನಿಶಿದಾ-ಸಾನ್ ಬಗ್ಗಿ, ಎದೆಯನ್ನು ಟ್ಯಾಂಕಿಗೆ ಆನಿಸಿ, ಕಾಲಲ್ಲಿ ಒತ್ತಿ, ರಾಗಿ ಮೂಟೆ ಎತ್ತುವ ಹೆಂಗಸಿನಂತೆ ಅದನ್ನು ಎತ್ತಿ ನಿಲ್ಲಿಸಿದರು.

ಆಮೇಲೆ ಹಲಗೆ. ಅಂಗಳದ ಮಧ್ಯೆ ಒಂದು ಅಡಿ ಅಗಲದ, ಹದಿನೈದು ಮೀಟರ್ ಉದ್ದದ ಕಟ್ಟೆ, ನೆಲದಿಂದ ಎರಡು ಮೂರು ಬೆರಳಷ್ಟೇ ಎತ್ತರ. ಬೈಕಿನಲ್ಲಿ ಅದರ ಮೇಲೆ ಹೋಗಬೇಕು. ಬೇಗ ಹೋದರೆ ಪಾಸಿಲ್ಲ. ಕನಿಷ್ಠ ಹತ್ತು ಸೆಕೆಂಡು ತೆಗೆದುಕೊಳ್ಳಬೇಕು. ಅಲ್ಲಿ ದೊಡ್ಡ ಬೈಕಿನ ಲೈಸೆನ್ಸಿಗೆ ಇದೇ ಪರೀಕ್ಷೆ. ಮೊರಿತಾ-ಸಾನ್ ಹದಿನಾಲ್ಕು ಸೆಕೆಂಡು ತೆಗೆದುಕೊಂಡರು, ಬೈಕು ಯೋಚನೆ ಮಾಡುತ್ತಾ ನಡೆಯುತ್ತಿರುವಂತೆ ಕಂಡಿತು. ನಾನು ಮೂರನೆಯ ಸೆಕೆಂಡಿಗೆ ಕೆಳಗಿಳಿದೆ. ಎರಡನೆಯ ಸಲ ನಾಲ್ಕು. ಮೂರನೆಯ ಸಲ ಹತ್ತುವಾಗಲೇ ಬಿದ್ದೆ.

ಬಿದ್ದಾಗೆಲ್ಲ ಎಲ್ಲರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು, ಧೈರ್ಯ ತುಂಬಲು. ಯಾರಾದರೂ “ಏನ್ಲಾ ಲೀಡರ್” ಎಂದು ಕಿಚಾಯಿಸಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಎರಡನೆಯ ಭಾನುವಾರ: ಹಿಂದಿನ ಸೀಟು

ಆವತ್ತು ಹಿಂದೆ ಒಬ್ಬರನ್ನು ಕೂರಿಸಿಕೊಂಡು ತಿರುಗುವ ಪಾಠ. ನನ್ನ ಹಿಂದೆ ನಿಶಿದಾ-ಸಾನ್ ಕೂತರು. ರಸ್ತೆಯಲ್ಲಿ ಅಡ್ಡ ಇಡುತ್ತಾರಲ್ಲ, ಅಂಥ ಎರಡು ಪ್ಲಾಸ್ಟಿಕ್ ಕೋನುಗಳ ನಡುವೆ ಪೂರ್ತಿ ತಿರುಗಿ ಬರಬೇಕು. ಅರ್ಧಕ್ಕೆ ಬಂದಾಗ ಕೋನು ತೀರಾ ಹತ್ತಿರ ಕಾಣಿಸಿತು. ಬೈಕು ಒರಗಿತು, ಇಬ್ಬರೂ ಬಿದ್ದೆವು. ಬೈಕಿಗೆ ಕಬ್ಬಿಣದ ಗಾರ್ಡು ಇದ್ದದ್ದರಿಂದ ಯಾರ ಕಾಲೂ ಸಿಕ್ಕಲಿಲ್ಲ.

ನಾನು ಎದ್ದು ಹೆಲ್ಮೆಟ್ ಕೂಡ ತೆಗೆಯದೆ ಹೇಳಿದೆ: “ಅವರು ಅಲ್ಲಾಡಿದರು.”

ಮೊರಿತಾ-ಸಾನ್ ಅದನ್ನು ಜಪಾನಿ ಭಾಷೆಯಲ್ಲಿ ಹೇಳಲು ಹಿಂಜರಿದರು. “ಹೇಳಿ ಅವರಿಗೆ, ಅಲ್ಲಾಡಿದರು” ಎಂದು ನಾನೇ ಒತ್ತಾಯ ಮಾಡಿದೆ. ಅವರು ತಗ್ಗಿದ ದನಿಯಲ್ಲಿ ಹೇಳಿದರು. ನಿಶಿದಾ-ಸಾನ್ ಮೊಣಕಾಲಿನ ಧೂಳು ಒರೆಸಿಕೊಂಡು, ಕೈ ಜೋಡಿಸಿ ನಿಂತು, ಸೊಂಟದವರೆಗೆ ಬಗ್ಗಿ ಏನೋ ಹೇಳಿದರು.

“ಏನಂದ್ರು?”

“ಕ್ಷಮಿಸಿ ಅಂದ್ರು. ನಿಮಗೆ ಪೆಟ್ಟಾಯಿತಾ ಅಂತ ಕೇಳ್ತಿದ್ದಾರೆ.”

ನನ್ನ ಕಿವಿ ಕಾದ ಹಂಚಿನಂತಾಯಿತು. ಇಷ್ಟು ದೂರ ಬಂದು, ಹೆಸರು ಬಿಟ್ಟರೆ ಏನೂ ಗೊತ್ತಿಲ್ಲದ ಇನ್ನೊಬ್ಬ ಹೆಂಗಸಿನ ಕೈಲಿ ಅದೇ ಮಾತು ಹೇಳಿಸಿದ್ದೆ.

ನಿಶಿದಾ-ಸಾನ್ ನನ್ನನ್ನು ಬಯ್ಯಲಿಲ್ಲ. ಹೋಗಿ ಮೊರಿತಾ-ಸಾನ್ ಓಡಿಸುವ ಬೈಕಿನ ಹಿಂದಿನ ಸೀಟಿನಲ್ಲಿ ಕೂತರು. ಬೈಕು ತಿರುಗುತ್ತಿದ್ದಾಗ ಬೇಕೆಂದೇ ಕೈ ಚಾಚಿದರು, ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಹಿಂದಕ್ಕೆ ತಿರುಗಿ ನಮಗೆ ಕೈಬೀಸಿದರು. ಬೈಕು ತೊನೆಯಿತು, ಬೀಳಲಿಲ್ಲ. ಮೊರಿತಾ-ಸಾನ್ ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಕಾಲಲ್ಲಿ ಹಗುರವಾಗಿ ಒತ್ತಿಕೊಂಡು, ನೆಲ ನೋಡದೆ ದೂರ ನೋಡುತ್ತಾ ತಿರುಗಿ ಬಂದರು.

ಇಳಿದ ಮೇಲೆ ನಿಶಿದಾ-ಸಾನ್ ಹೇಳಿದರು, ಮೊರಿತಾ-ಸಾನ್ ತಿಳಿಸಿದರು: “ಹಿಂದೆ ಕೂತವರು ಅಲ್ಲಾಡುತ್ತಾರೆ. ಮಕ್ಕಳು, ವಯಸ್ಸಾದವರು, ಹೆದರಿದವರು, ಎಲ್ಲರೂ. ಅದನ್ನು ತಾಳಿಕೊಳ್ಳುವುದು ಮುಂದೆ ಕೂತವರ ಕೆಲಸ. ನಾರಾಯಣ-ಸಾನ್, ಆಗ ನಿಮ್ಮ ಬಲಗೈ ಏನು ಮಾಡುತ್ತಿತ್ತು?”

ನಾನು ಬಗ್ಗಿ ಬೈಕಿನ ಗಾರ್ಡು ನೋಡತೊಡಗಿದೆ. ಬಲಗೈ ಮುಂದಿನ ಬ್ರೇಕನ್ನು ಹಿಡಿದಿತ್ತು. ಹ್ಯಾಂಡಲ್ ತಿರುಗಿಸಿಕೊಂಡು ನಿಧಾನದಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೈಕು ಬಿದ್ದೇ ಬೀಳುತ್ತದೆ. ಇದು ನನಗೆ ಆವತ್ತು ಗೊತ್ತಾದದ್ದಲ್ಲ. ಬೈರಕೂರಿನಲ್ಲಿ ಚರಂಡಿ ಕಂಡಾಗಲೂ ನನ್ನ ನಾಲ್ಕು ಬೆರಳು ಅದೇ ಬ್ರೇಕನ್ನು ಎಳೆದಿದ್ದವು. ಬೈಕು ನೆಲ ಮುಟ್ಟುವ ಮುಂಚೆಯೇ ನನಗೆ ಗೊತ್ತಿತ್ತು. ಅಕ್ಕ ಅಲ್ಲಾಡಿದಳು ಎಂದದ್ದು ಗಾಬರಿಯಲ್ಲಿ ಬಾಯಿಗೆ ಬಂದ ಮಾತು ಎಂದು ಎರಡು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಗಾಬರಿಯೂ ಇರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಆದರೂ ಅದೇ ಮಾತು ಅಷ್ಟೇ ಸಲೀಸಾಗಿ ಬಂದಿತ್ತು.

ನಡುವಿನ ವಾರ: ಒಂದು ಫೋನು

ಬುಧವಾರ ಟೀ ಬಿಡುವಿನಲ್ಲಿ ಅಕ್ಕನಿಗೆ ವೀಡಿಯೋ ಕಾಲ್ ಮಾಡಿದೆ. ಅಲ್ಲಿ ಹತ್ತು ಗಂಟೆಯಾದರೆ ಬೈರಕೂರಿನಲ್ಲಿ ಆರೂವರೆ. ಅಕ್ಕ ತೋಟದ ಬದುವಿನ ಮೇಲಿದ್ದಳು. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಒಂದು ಕೈಯಲ್ಲಿ ಫೋನು. ಹೊರೆಗೆ ಕೈ ಕೊಟ್ಟಿರಲಿಲ್ಲ. ಬದು ಒಂದು ಅಡಿಯೂ ಇರಲಾರದು. ಮಾತಾಡುತ್ತಾ ಅದರ ಮೇಲೆ ನೇರವಾಗಿ ನಡೆದು ಬರುತ್ತಿದ್ದಳು, ಹೊರೆಯ ಒಂದು ಎಲೆಯೂ ಜಾರಲಿಲ್ಲ. ಈ ಹೆಂಗಸು ಅಲ್ಲಾಡಿದಳೆಂದು ನಾನು ಹೇಳಿದ್ದೆ, ಊರು ನಂಬಿತ್ತು.

“ಏನೋ, ಅಲ್ಲಿ ಮುದ್ದೆ ಸಿಗ್ತದಾ?”

“ಹಿಟ್ಟು ತಂದಿದೀನಿ ಅಕ್ಕ. ತಿರುವೋಕೆ ಕೋಲಿಲ್ಲ. ಗಂಟಾಗ್ತದೆ.”

“ಅಲ್ಲೂ ಗಾಡಿ ಓಡಿಸ್ತೀಯಂತೆ? ಲೇ, ಹಿಂದೆ ಯಾರ್ನೂ ಕೂರಿಸ್ಕೋಬೇಡ ಕಣೋ. ಪಾಪ ಅವ್ರಿಗೆ ಗೊತ್ತಾಗಲ್ಲ, ನನ್ ತರ ಅಲ್ಲಾಡಿಬಿಡ್ತಾರೆ.”

ನಿಜ ಹೇಳಬೇಕೆಂದೇ ಫೋನು ಮಾಡಿದ್ದೆ. “ಸರಿ ಅಕ್ಕ, ಬಿಡುವು ಮುಗೀತು” ಎಂದು ಇಟ್ಟುಬಿಟ್ಟೆ.

ಮೂರನೆಯ ಭಾನುವಾರ, ನಾಲ್ಕನೆಯದೂ

ಮೂರನೆಯ ಭಾನುವಾರ ಅಂಗಳಕ್ಕೆ ಹೋದ ಕೂಡಲೇ ಮೊರಿತಾ-ಸಾನ್ ಅವರನ್ನು ಕರೆದುಕೊಂಡು ನಿಶಿದಾ-ಸಾನ್ ಬಳಿ ಹೋದೆ. “ಹೋದ ವಾರ ನೀವು ಅಲ್ಲಾಡಲಿಲ್ಲ. ನಾನು ಮುಂದಿನ ಬ್ರೇಕ್ ಹಿಡಿದೆ.”

“ಗೊತ್ತು” ಎಂದರು.

“ಮತ್ತೆ ನೀವು ಯಾಕೆ ಕ್ಷಮೆ ಕೇಳಿದಿರಿ?”

“ಬಿದ್ದವರ ಜೊತೆ ವಾದ ಮಾಡಿದರೆ ಅವರು ಮತ್ತೆ ಬೈಕು ಹತ್ತುವುದಿಲ್ಲ.”

ಆಗ ಅಕ್ಕನ ವಿಷಯ ಹೇಳಿದೆ. ಪೂರ್ತಿ ಹೇಳಿದೆ, ಆಸ್ಪತ್ರೆಯ ಕಿಟಕಿಯವರೆಗೆ. ಮೊರಿತಾ-ಸಾನ್ ನನ್ನ ಮುಖ ನೋಡದೆ ಒಂದೊಂದೇ ಮಾತನ್ನು ಜಪಾನಿ ಭಾಷೆಯಲ್ಲಿ ಹೇಳಿದರು. ನಿಶಿದಾ-ಸಾನ್ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: “ಆಮೇಲೆ ನಿಮ್ಮ ಅಕ್ಕ ಬೈಕಿನಲ್ಲಿ ಕೂತರಾ?”

“ಇಲ್ಲ.”

ಅವರು ಸಮಾಧಾನ ಹೇಳಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೋಗಿ ನನಗೆ ಕೊಟ್ಟಿದ್ದ ಸ್ಕೂಲಿನ ಬೈಕಿನ ಹಿಂದೆ ಕೂತು, ಬಾ ಎಂಬಂತೆ ಮುಂದಿನ ಸೀಟನ್ನು ತಟ್ಟಿದರು. ಮೊರಿತಾ-ಸಾನ್ ದೂರದಿಂದ, “ನಿಧಾನ, ನಿಧಾನ” ಎನ್ನುತ್ತಿದ್ದರು. ಬಲಗೈ ಬ್ರೇಕಿಗೆ ಹೋದಾಗೆಲ್ಲ ನಿಶಿದಾ-ಸಾನ್ ಹಿಂದಿನಿಂದ ನನ್ನ ಮೊಣಕೈಗೆ ಬೆರಳಲ್ಲಿ ಒಂದು ಏಟು ಕೊಡುತ್ತಿದ್ದರು. ಮಧ್ಯಾಹ್ನದವರೆಗೆ ಮೂವತ್ತು ಸಲ ತಿರುಗಿದೆವೇನೋ. ಕೊನೆಯ ಹತ್ತರಲ್ಲಿ ಬೀಳಲಿಲ್ಲ.

ನಾಲ್ಕನೆಯ ಭಾನುವಾರ ಹಲಗೆಯ ಮೇಲೆ ಹನ್ನೊಂದು ಸೆಕೆಂಡು ನಿಂತೆ. ಎಲ್ಲರೂ ಜೋರಾಗಿಯೇ ಚಪ್ಪಾಳೆ ತಟ್ಟಿದರು. ಒಬ್ಬರು ವೀಡಿಯೋ ಮಾಡಿ ಕೊಟ್ಟರು. ಹಿಂದಿನ ನಾನಾಗಿದ್ದರೆ ಅದು ಆ ನಿಮಿಷವೇ ಮಾಲೂರಿನ ಏಳು ಫೋನುಗಳಿಗೆ ಹೋಗುತ್ತಿತ್ತು. ಅದನ್ನು ಇಂದಿಗೂ ಯಾರಿಗೂ ಕಳಿಸಿಲ್ಲ.

ಕೊನೆಯ ಸ್ಟಾಪು: ಬೈರಕೂರು

ಜಪಾನಿನಿಂದ ಬಂದ ಮೂರನೆಯ ದಿನ ಬಸ್ಸಿನಲ್ಲಿ ಬೈರಕೂರಿಗೆ ಹೋದೆ. ಬೈಕಿನಲ್ಲಿ ಹೋಗಲು ಮುಖವಿರಲಿಲ್ಲ. ಅಕ್ಕ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಭಾವ ಜಗುಲಿಯ ಮೇಲಿದ್ದರು. ತಂದಿದ್ದ ಸಿಹಿಯ ಡಬ್ಬ ಕೆಳಗಿಟ್ಟು, ಕೂರುವ ಮುಂಚೆಯೇ ಹೇಳಿದೆ: “ಅಕ್ಕಾ, ಆವತ್ತು ನೀನು ಅಲ್ಲಾಡ್ಲಿಲ್ಲ. ನಾನೇ ಬ್ರೇಕ್ ಹಿಡ್ದು ಬೀಳಿಸ್ದೆ.”

ಅಕ್ಕನ ಕೈ ನಿಂತಿತು. “ಇದು ನಿಂಗೆ ಜಪಾನಿಗೆ ಹೋದ್ಮೇಲೆ ಗೊತ್ತಾಯ್ತಾ?”

ಹೌದು ಎಂದುಬಿಡಬಹುದಿತ್ತು. ಅವಳೇ ದಾರಿ ತೋರಿಸಿದ ಹಾಗಿತ್ತು. “ಇಲ್ಲ ಅಕ್ಕ. ಆವತ್ತೇ ಗೊತ್ತಿತ್ತು.”

ಭಾವ ಎದ್ದು ಒಳಗೆ ಹೋದರು. ಆಮೇಲೆ ಅಕ್ಕ ಹೇಳಿದಳು: “ಆಸ್ಪತ್ರೇಲಿ ಮಲ್ಗಿದ್ದಾಗ ನಿನ್ ಹತ್ರ ಮೂರು ಸಲ ತಪ್ಪಾಯ್ತು ಅಂದೆ. ಒಂದು ಸಲನಾದ್ರೂ ಬಾಯಿ ಬಿಡಬಾರ್ದಾಗಿತ್ತೇನೋ? ಕಾಲು ಹೋಗ್ಲಿ, ಕೂಡ್ಕೊಳ್ತು. ನನ್ ಮೈ ನನ್ ಮಾತು ಕೇಳಲ್ಲ ಅಂತ ಎರಡು ವರ್ಷ ನಂಬ್ಕೊಂಡಿದ್ದೆ ಕಣೋ. ಬಸ್ಸಲ್ಲಿ ನಿಂತ್ರೂ ಭಯ, ಏಣಿ ಹತ್ತಿದ್ರೂ ಭಯ.”

ನನಗೆ ಅಳು ಬಂತು. “ಅಳ್ಬೇಡ” ಎಂದಳು, ಗಟ್ಟಿಯಾಗಿ. “ಡೈರಿ ಹತ್ರ ಎಲ್ಲರ ಮುಂದೆ ಹೇಳ್ದಲ್ಲ, ನಾಳೆ ಬೆಳಿಗ್ಗೆ ಅಲ್ಲೇ ನಿಂತ್ಕೊಂಡು ಇದ್ನೂ ಹೇಳು. ನಾನೂ ಬರ್ತೀನಿ. ಈಗ ಕೈಕಾಲು ತೊಳ್ಕೊ, ಊಟ ಮಾಡು.”

ಬೆಳಿಗ್ಗೆ ಹಾಲಿನ ಕ್ಯಾನು ನಾನೇ ಹಿಡಿದುಕೊಂಡು ಅಕ್ಕನ ಹಿಂದೆ ಡೈರಿಗೆ ಹೋದೆ. ಹದಿನೈದು ಇಪ್ಪತ್ತು ಜನ ಸಾಲಿನಲ್ಲಿದ್ದರು. ಅಕ್ಕ ನನ್ನ ಕಡೆ ನೋಡಿದಳು. ಹೇಳಿದೆ. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಒಬ್ಬರು ಹೇಳಿದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು. ಕೆಲವರು ನಕ್ಕರು. ಸಾಲಿನಲ್ಲಿದ್ದ ಹಿರಿಯ ಚೌಡಪ್ಪನವರು ತೆಲುಗಿನಲ್ಲಿ ಅಕ್ಕನಿಗೆ ಸಮಾಧಾನ ಹೇಳಿದರು: “ಪೋನೀಲೇ ಅಮ್ಮಾ, ಎಪ್ಪುಡಿದೋ ಕದಾ.” ಹೋಗಲಿ ಬಿಡಮ್ಮ, ಯಾವತ್ತಿನದೋ ಅಲ್ಲವೇ.

ಅಕ್ಕ ತೆಲುಗಿನಲ್ಲೇ ತಿರುಗಿ ಹೇಳಿದಳು: “ನೀಕು ಎಪ್ಪುಡಿದೋ. ನಾಕು ರೋಜೂ.” ನಿನಗೆ ಯಾವತ್ತಿನದೋ, ನನಗೆ ದಿನಾ.

ನಗು ನಿಂತಿತು.

ಆ ಹೊತ್ತಿಗೆ ಮಹಿಳಾ ಸಂಘದ ಕಾರ್ಯದರ್ಶಿ ಪಾರ್ವತಿ ತನ್ನ ಸ್ಕೂಟರಿನಲ್ಲಿ ಬಂದಳು. ಹಾಲು ಹಾಕಿ, ಹಾಗೇ ಮುಳಬಾಗಿಲಿನ ಮೀಟಿಂಗಿಗೆ ಹೊರಟಿದ್ದಳು. ಅಕ್ಕ ಕೇಳಿದಳು: “ಪಾರ್ವತಿ, ಹಿಂದೆ ಜಾಗ ಇದ್ಯೇನೇ?”

ಪಾರ್ವತಿ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು. “ನೀವು ಕೂರ್ತೀರಾ ರತ್ನಮ್ಮಕ್ಕ?”

“ಕೂರ್ತೀನಿ. ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ತೀನಿ, ಏನೂ ಅಂದ್ಕೋಬೇಡ.”

ಅಕ್ಕ ಸೀರೆ ಸರಿಮಾಡಿಕೊಂಡು ಕೂತಳು. ಕಣ್ಣು ಮುಚ್ಚಿದಳು, ಮತ್ತೆ ತೆರೆದಳು. ಪಾರ್ವತಿ ಡೈರಿಯ ಮುಂದಿನ ಆ ಇಕ್ಕಟ್ಟಿನಲ್ಲೇ ಸ್ಕೂಟರನ್ನು ಮೆಲ್ಲಗೆ ತಿರುಗಿಸಿದಳು. ಸಾಲಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಏನೂ ಆಗಲಿಲ್ಲ. ಹೋಗುವಾಗ ಅಕ್ಕ ನನ್ನ ಮುಖ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತಾ ಹೇಳಿದಳು: “ಹಸುಗೆ ನೀರಿಟ್ಟು ಹೋಗೋ.”

ಸ್ಕೂಟರು ಕಣ್ಮರೆಯಾದ ಮೇಲೆ ನಾನು ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡು ಅಕ್ಕನ ಮನೆಯ ಕಡೆಗೆ ನಡೆದೆ.